ಮುಚ್ಚಳ ಬಡಿಯುವ ಕೆಲಸ

ಆ ಬೀದಿಯಲ್ಲಿ ಅವಳಿಗೆ ವಿಚಾರಣೆ ಅಜ್ಜಿ ಎಂದೇ ಹೆಸರು. ಹಾಲಿನವನು ಹೊಸ ಸೈಕಲ್ಲಿನಲ್ಲಿ ಬಂದರೆ ಹಳೆಯದು ಏನಾಯಿತು ಎಂದು ಕೇಳಬೇಕು. ಎದುರುಮನೆಗೆ ಮಂಚ ಬಂದರೆ ಯಾರಿಗೆ, ಯಾಕೆ, ಯಾವ ಕೋಣೆಗೆ ಎಂದು ತಿಳಿಯದೆ ಊಟಕ್ಕೆ ಕೂರುವವಳಲ್ಲ. ಅದಕ್ಕೆ ಕಾರಣವೂ ಇತ್ತು ಅನ್ನಿ. ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಾಗದ ವಿಂಗಡಿಸಿದವಳು. ಲಕ್ಷಾಂತರ ಲಕೋಟೆಗಳ ಹೊರಮೈಯನ್ನು ಓದಿ, ಒಂದರ ಒಳಗನ್ನೂ ನೋಡದೆ ನಿವೃತ್ತಳಾದವಳಿಗೆ ಎಷ್ಟು ಕುತೂಹಲ ಬಾಕಿ ಉಳಿದಿರಬೇಡ!

ಅಂಥವಳ ಕೈಗೆ ಸೊಸೆಯ ಹೆಸರಿನ ರಿಜಿಸ್ಟರ್ ಕಾಗದ ಸಿಕ್ಕಿತು. ಸಹಿ ಹಾಕಿ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕಿವಿಯ ಹತ್ತಿರ ಅಲುಗಿಸಿದಳು. ಮೂಲೆಯಲ್ಲಿ ಬಣ್ಣದ ಕಂಪನಿಯ ಮೊಹರಿತ್ತು. ಸೊಸೆ ದಿನಾ ಬೆಳಿಗ್ಗೆ ಎದ್ದು ಹೋಗುವುದು ಅಲ್ಲಿಗೇ ಅಲ್ಲವೇ? ಕೈಗೆ ಕೊಡುವುದು ಬಿಟ್ಟು ಅಂಚೆಗೆ ಯಾಕೆ ಹಾಕಿದರು? ಸಂಜೆಯಾಗುವಷ್ಟರಲ್ಲಿ ಅಜ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಕಾರ್ಖಾನೆ ಮನೆಯಿಂದ ಹತ್ತು ನಿಮಿಷದ ನಡಿಗೆ. ಐದೂವರೆಗೆ ಸೊಸೆ ಬಂದಳು. ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಗದ ಓದಿದಳು.

"ಏನಂತೆ?" ಅಂದಳು ಅಜ್ಜಿ, ಒಲೆಯ ಕಡೆ ಮುಖ ಮಾಡಿಕೊಂಡು, ತನಗೇನೂ ಆತುರವಿಲ್ಲ ಅನ್ನುವ ಹಾಗೆ.

"ನನ್ನನ್ನ ಗೋದಾಮಿಗೆ ಹಾಕಿದಾರೆ ಅತ್ತೆ. ಹೆದ್ದಾರಿ ಹತ್ರ ಇರೋದು. ಸೋಮವಾರದಿಂದ. ಬಣ್ಣ ಹೊಂದಿಸೋಕೆ ಮೆಷಿನ್ ಬಂದಿದ್ಯಂತೆ. ನಾನು ಡಬ್ಬಗಳ ಮುಚ್ಚಳ ಸರಿಯಾಗಿ ಕೂತಿದ್ಯಾ ಅಂತ ನೋಡಬೇಕಂತೆ."

"ಸಂಬಳ?"

"ಅಷ್ಟೇ."

"ಮತ್ತಿನ್ನೇನು! ನಾನೇನೋ ಮನೆ ಮುಳುಗಿಹೋಯ್ತು ಅಂದ್ಕೊಂಡೆ. ಬಣ್ಣ ಕಲಸೋ ಬದಲು ಮುಚ್ಚಳ ಮುಚ್ಚೋದು. ಕೈಯಾದ್ರೂ ಶುದ್ಧವಾಗಿರುತ್ತೆ."

ಸೊಸೆ ಚೀಲ ಇಳಿಸಿದಳು. ಕಾಗದವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಹದಿನಾಲ್ಕು ವರ್ಷದಿಂದ ಅವಳು ಆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಣ್ಣ ಹೊಂದಿಸುವವಳು. ಯಾರೋ ಹಳೆಯ ಗೋಡೆಯ ಚಕ್ಕೆ ತರುತ್ತಾರೆ, ಯಾರೋ ಪರದೆಯ ತುಂಡು ತರುತ್ತಾರೆ, ಒಬ್ಬರಂತೂ ಸತ್ತ ತಾಯಿಯ ಕೊಡೆಯನ್ನೇ ತಂದಿದ್ದರು. ಅದೇ ಬಣ್ಣ ಬೇಕು ಅನ್ನುತ್ತಾರೆ. ಇವಳು ನೋಡಿ, ಇಷ್ಟು ಕಪ್ಪು, ಇಷ್ಟು ಹಳದಿ, ಒಂದು ಹನಿ ಕೆಂಪು ಎಂದು ಬೆರೆಸಿ, ಒಣಗಿಸಿ, ಪಕ್ಕದಲ್ಲಿಟ್ಟು ತೋರಿಸಿದರೆ ತಂದವರಿಗೇ ಯಾವುದು ತಮ್ಮದು ಎಂದು ತಿಳಿಯುತ್ತಿರಲಿಲ್ಲ. ಇದೆಲ್ಲ ಅಜ್ಜಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಬಾಯಲ್ಲಿ ಅದು ಬಣ್ಣ ಕಲಸುವ ಕೆಲಸವೇ.

ಊಟಕ್ಕೆ ಕೂತಾಗ ಮಗ ಸಿಡಿದ. ಅವನದು ಫ್ರಿಜ್ ರಿಪೇರಿ. ಸ್ಕ್ರೂ ಸಡಿಲವಾದರೂ ಸರಿ, ಸರ್ಕಾರ ಸಡಿಲವಾದರೂ ಸರಿ, ಅವನಿಗೆ ಒಂದೇ ಸಿಟ್ಟು.

"ಹೋಗ್ಬೇಡ! ಅವರೇನು ನಿನ್ನ ಕೊಂಡ್ಕೊಂಡಿದಾರಾ? ಮನೇಲಿ ಕೂತ್ಕೋ, ಅವರೇ ಓಡಿ ಬರ್ತಾರೆ."

"ಓಡಿ ಬರ್ತಾರೆ, ಆರತಿ ತಟ್ಟೆ ಹಿಡ್ಕೊಂಡು," ಅಂದಳು ಸೊಸೆ. "ಬರಲಿಲ್ಲ ಅಂತ ಬರ್ಕೊಂಡು ತೆಗೆದು ಹಾಕ್ತಾರೆ, ಅಷ್ಟೇ."

"ಹಾಗಾದ್ರೆ ಹೋಗು. ಮುಚ್ಚಳ ಎಣಿಸು."

"ಹೋಗು ಅಂತೀರೋ, ಬೇಡ ಅಂತೀರೋ? ಒಂದು ಹೇಳಿ."

"ಅಮ್ಮ," ಅಂದಳು ಮೊಮ್ಮಗಳು, ಮೊಟ್ಟೆಯ ಸಿಪ್ಪೆ ಬಿಡಿಸುತ್ತ. ಒಂಬತ್ತನೇ ಕ್ಲಾಸಿನ ಹುಡುಗಿ. ಮನೆಯಲ್ಲಿ ಕೂಗದೆ ಮಾತಾಡುವವಳು ಅವಳೊಬ್ಬಳೇ. "ನೀನು ಸೇರಿದಾಗ ಕೊಟ್ಟ ಲೆಟರ್‌ನಲ್ಲಿ ಏನಿದೆ?"

ಮೂವರು ದೊಡ್ಡವರೂ ತುತ್ತು ನಿಲ್ಲಿಸಿದರು. ಆ ಕಾಗದ ಎಲ್ಲಿದೆ ಎಂದು ಯಾರಿಗೂ ನೆನಪಿರಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸು ಹೊರಬಂತು. ಮೊಮ್ಮಗಳ ಚುಚ್ಚುಮದ್ದಿನ ಕಾರ್ಡು, ಕೆಟ್ಟುಹೋದ ಮಿಕ್ಸರಿನ ಗ್ಯಾರಂಟಿ, ಯಾರದೋ ಎಕ್ಸರೇ, ಇಷ್ಟರ ಅಡಿಯಲ್ಲಿ ನೇಮಕದ ಪತ್ರ ಸಿಕ್ಕಿತು. 'ಬಣ್ಣ ಹೊಂದಿಸುವವರು, ಪ್ರಯೋಗಾಲಯ, ಮುಖ್ಯ ಕಾರ್ಖಾನೆ' ಎಂದಿತ್ತು. ಕೆಳಗೆ ಇನ್ನೊಂದು ಸಾಲಿತ್ತು. ಮೊಮ್ಮಗಳು ಗಟ್ಟಿಯಾಗಿ ಓದಿದಳು: "ಅಗತ್ಯ ಬಿದ್ದಾಗ, ಉದ್ಯೋಗಿಯ ಒಪ್ಪಿಗೆ ಪಡೆದು, ಬೇರೆ ಸ್ಥಳದಲ್ಲಿ ಬೇರೆ ಕೆಲಸಕ್ಕೆ ನೇಮಿಸಬಹುದು."

"ಒಪ್ಪಿಗೆ ಪಡೆದು!" ಎಂದ ಮಗ, ಮೇಜು ಗುದ್ದಿ. "ಪಡೆದ್ರಾ?"

"ಕೇಳಲೇ ಇಲ್ಲ," ಅಂದಳು ಸೊಸೆ.

ಶನಿವಾರ ಅತ್ತೆ ಸೊಸೆ ಇಬ್ಬರೂ ಕಾರ್ಮಿಕ ಕಚೇರಿಗೆ ಹೋದರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ, ಆದರೆ ಅಂಥ ಕಚೇರಿಯ ಒಳಗನ್ನು ಅವಳು ನೋಡಿರಲಿಲ್ಲ, ಬಿಟ್ಟಾಳೆಯೇ? ಅಲ್ಲಿನ ಅಧಿಕಾರಿ ನಡುವಯಸ್ಸಿನ ಹೆಂಗಸು. ನೆಗಡಿಯಾಗಿತ್ತು. ಕರವಸ್ತ್ರ ಮೂಗಿಗೆ ಹಿಡಿದೇ ಎರಡೂ ಪತ್ರ ಓದಿದರು.

"ನೋಡಿ, ಹೋಗದೆ ಕೂತ್ರೆ ಗೈರುಹಾಜರಿ ಅಂತಾರೆ. ತುಟಿ ಬಿಚ್ಚದೆ ಹೋದ್ರೆ ಒಪ್ಪಿಕೊಂಡ್ಳು ಅಂತಾರೆ. ಎರಡೂ ಬೇಡ. ಹೋಗಿ. ಆದ್ರೆ, ನನಗೆ ಒಪ್ಪಿಗೆ ಇಲ್ಲ, ಕೆಲಸ ಉಳಿಸ್ಕೊಳ್ಳೋಕೆ ಮಾತ್ರ ಹೋಗ್ತಿದೀನಿ ಅಂತ ಮೊದಲು ಬರೆದು ಕೊಡಿ. ಒಂದು ಪ್ರತಿ ನನಗೆ."

ಅಜ್ಜಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಒಪ್ಪದೆ ಹೋಗೋದು ಅಂದ್ರೆ ಹೇಗೆ ಮೇಡಂ? ಮುಖ ಊದಿಸ್ಕೊಂಡು ಹೋಗ್ಬೇಕಾ?"

"ಮುಖ ಹೇಗಾದ್ರೂ ಇರಲಿ ಅಜ್ಜಿ, ಕಾಗದ ಇರಬೇಕು. ಎಲ್ಲೂ ಯಾರ ಹತ್ರಾನೂ ಇದು ಸರಿ ಅಂತ ಮಾತ್ರ ಹೇಳ್ಬೇಡಿ."

ಕಾಗದ ಬರೆದವಳು ಸೊಸೆ, ತಪ್ಪು ತಿದ್ದಿದವಳು ಮೊಮ್ಮಗಳು. ಅಂಚೆಗೆ ಹಾಕುವ ಹೊತ್ತಿಗೆ ಮಾತ್ರ ಅಜ್ಜಿಯನ್ನು ಹಿಡಿಯುವವರಿರಲಿಲ್ಲ. ಸ್ವೀಕೃತಿ ರಸೀದಿ ಸಮೇತ ರಿಜಿಸ್ಟರ್ ಆಗಬೇಕು, ತೂಕ ತನ್ನೆದುರೇ ನೋಡಬೇಕು, ಮೊಹರು ಸ್ಪಷ್ಟವಾಗಿ ಬೀಳಬೇಕು. ಕೌಂಟರಿನವನು ಅವಳ ಕೈಕೆಳಗೆ ಕಲಿತವನು. "ಆಯ್ತಮ್ಮಾ, ಆಯ್ತು," ಅನ್ನುತ್ತ ಎರಡು ಸಲ ಮೊಹರು ಒತ್ತಿದ.

ಆಮೇಲೆ ಮನೆಯ ಗಡಿಯಾರವೇ ಬೇರೆಯಾಯಿತು. ಗೋದಾಮಿಗೆ ಎರಡು ಬಸ್ಸು, ಮೇಲೆ ನಡಿಗೆ. ಸೊಸೆ ಬೆಳಕು ಹರಿಯುವ ಮೊದಲೇ ಹೊರಟರೆ ಬರುವುದು ಎಂಟೂವರೆಗೆ. ಅಡುಗೆ ಮಗನ ಪಾಲಿಗೆ ಬಂತು. ಅವನು ಆಲೂಗಡ್ಡೆಯನ್ನು ಕಂಪ್ರೆಸರ್ ಬಿಚ್ಚುವಷ್ಟು ಶ್ರದ್ಧೆಯಿಂದ ಸುಲಿಯುತ್ತಿದ್ದ, ಅಷ್ಟರಲ್ಲಿ ಅನ್ನ ತಳ ಹಿಡಿಯುತ್ತಿತ್ತು.

"ಇದೇನಪ್ಪಾ, ಕೆಳಗೆ ಕಪ್ಪು, ಮಧ್ಯೆ ಕಂದು, ಮೇಲೆ ಬಿಳಿ?" ಅಂದಳು ಮೊಮ್ಮಗಳು.

"ತಿನ್ನು. ನಿಮ್ಮಮ್ಮನ್ನ ಕೇಳಿದ್ರೆ ಆ ಬಣ್ಣಕ್ಕೂ ಒಂದು ಹೆಸರು ಹೇಳ್ತಾಳೆ."

ಬಟ್ಟೆ ಒಗೆಯುವುದು ಮೊಮ್ಮಗಳಿಗೆ, ಪಾತ್ರೆ ಅಜ್ಜಿಗೆ. ಅಜ್ಜಿಯ ಮೊಣಕಾಲು ಮೊದಲೇ ಸರಿಯಿರಲಿಲ್ಲ, ಈಗ ಎದ್ದಾಗಲೆಲ್ಲ "ಅಯ್ಯೋ" ಅನ್ನುತ್ತಿದ್ದಳು. ಯಾರಾದರೂ ಏನಾಯಿತು ಅಂದರೆ "ಏನಿಲ್ಲ" ಅನ್ನುತ್ತಿದ್ದಳು. ಅವಳಿಗೆ ಕೆಲಸಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಮೊದಲೆಲ್ಲ ಸೊಸೆ ಬಂದವಳೇ ಚಹಾ ಕುಡಿಯುತ್ತ ಆ ದಿನ ಯಾರು ಏನು ತಂದರು ಎಂದು ಹೇಳುತ್ತಿದ್ದಳು. ಅಜ್ಜಿ ಕೇಳಿದ್ದೇ ಕೇಳಿದ್ದು: ಕೊಡೆ ತಂದವರು ಅತ್ತರಾ? ಗೋಡೆ ಚಕ್ಕೆ ಯಾವ ಕೋಣೆಯದು? ಈಗ ಕೇಳಿದರೆ ಒಂದೇ ಉತ್ತರ.

"ಇವತ್ತು ಏನು ಮಾಡ್ದೆ?"

"ಮುಚ್ಚಳ."

"ಮುಚ್ಚಳಕ್ಕೆ ಏನ್ಮಾಡ್ತೀಯಾ ಅಂತ?"

"ಬಡೀತೀನಿ ಅತ್ತೆ." ಅಷ್ಟು ಹೇಳಿ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು.

ಮೂರನೆಯ ವಾರ, ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಇಸ್ತ್ರಿ ಮುರಿಯದ ಅಂಗಿಯ ಯುವಕನೊಬ್ಬ ನಿಂತಿದ್ದ. ಕಂಪನಿಯ ಆಡಳಿತ ವಿಭಾಗದವನಂತೆ. "ಈ ಕಡೆ ಬಂದಿದ್ದೆ ಅಜ್ಜಿ, ಹಾಗೇ ವಿಚಾರಿಸ್ಕೊಂಡು ಹೋಗೋಣ ಅಂತ."

ಮನೆ ನೋಡುವ ಹಾಗಿರಲಿಲ್ಲ. ಸೋಫಾದ ಮೇಲೆ ಮಡಚದ ಬಟ್ಟೆಯ ರಾಶಿ, ಸಿಂಕಿನ ತುಂಬ ಎರಡು ದಿನದ ಪಾತ್ರೆ. ಅಜ್ಜಿ ಬಟ್ಟೆಯ ಮೇಲೆ ಹೊದಿಕೆ ಎಳೆದಳು, ಅಡುಗೆಮನೆಯ ಬಾಗಿಲು ಮುಚ್ಚಿದಳು, ಇದ್ದ ಒಂದು ಒಳ್ಳೆಯ ಲೋಟದಲ್ಲಿ ಚಹಾ ಕೊಟ್ಟಳು. ಅವನಿಗೆ ಮದುವೆಯಾಗಿದೆಯೇ, ಮನೆ ಬಾಡಿಗೆಯದೋ ಸ್ವಂತದ್ದೋ, ಇಸ್ತ್ರಿ ಮಾಡುವವರು ಯಾರು, ಎಲ್ಲ ತಿಳಿದುಕೊಂಡಳು. ಹೊರಡುವಾಗ ಅವನು ಕೇಳಿದ, "ಹೊಸ ಕೆಲಸ ಹೇಗಂತೆ ಅಜ್ಜಿ? ಮನೆಯವರಿಗೆ ತೊಂದರೆ ಏನಿಲ್ಲ ತಾನೇ?"

"ತೊಂದರೆ ಏನಪ್ಪಾ, ಏನೂ ಇಲ್ಲ. ಆರಾಮಾಗಿದಾಳೆ. ನಾವೆಲ್ಲ ಚೆನ್ನಾಗಿದೀವಿ."

ಮನೆಗೆ ಬಂದವರಿಗೆ ಅವಳು ಜೀವನದಲ್ಲಿ ಬೇರೆ ಉತ್ತರ ಕೊಟ್ಟವಳಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗಲೂ ಬೀದಿಯವರಿಗೆ "ಚೆನ್ನಾಗಿದೀವಿ" ಎಂದವಳೇ. ಊರಿನವರ ಸಂಕಟವೆಲ್ಲ ಇವಳಿಗೆ ಬೇಕು, ಇವಳ ಸಂಕಟ ಮಾತ್ರ ಹೊಸಿಲು ದಾಟಬಾರದು. ಯುವಕ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗೀಚಿಕೊಂಡ. ಏನು ಬರೆದೆ ಎಂದು ಕೇಳಬೇಕು ಅನ್ನಿಸಿತು. ಅದೊಂದನ್ನು ಕೇಳಲಿಲ್ಲ, ನೋಡಿ!

ಆ ರಾತ್ರಿ ಊಟದಲ್ಲಿ "ನಿಮ್ಮ ಕಂಪನಿಯಿಂದ ಒಬ್ಬ ಬಂದಿದ್ದ, ಒಳ್ಳೆ ಹುಡುಗ," ಎಂದು ಹೇಳಿದ್ದೂ ಉಂಟು. ಕುಕ್ಕರ್ ಕೂಗಿತು, ಮಗ ಯಾರಿಗೋ ಫೋನಿನಲ್ಲಿ ಕೂಗುತ್ತಿದ್ದ, ಸೊಸೆಗೆ ನಿದ್ದೆ. ಮಾತು ಅಲ್ಲಿಗೇ ಬಿತ್ತು.

ಅದಾಗಿ ನಾಲ್ಕು ದಿನಕ್ಕೆ ಅಜ್ಜಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಸೊಸೆಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ ಅತ್ತೆ?"

"ನಿನ್ನ ಗೋದಾಮು ಹೇಗಿದೆ ನೋಡ್ಬೇಕು."

"ನೋಡೋಕೆ ಏನಿದೆ ಅಲ್ಲಿ! ಮೊಣಕಾಲು ನೋವು ಅಂತೀರಿ."

"ಮೊಣಕಾಲು ನಂದು, ಬಸ್ಸು ಎಲ್ಲರದ್ದು. ನಡಿ."

ಮೊದಲ ಬಸ್ಸಿನಲ್ಲಿ ಸೀಟು ಸಿಕ್ಕಿತು, ಎರಡನೆಯದರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಇಳಿದ ಮೇಲೆ ಲಾರಿಗಳ ಪಕ್ಕದಲ್ಲೇ ಕಾಲುದಾರಿಯಿಲ್ಲದ ರಸ್ತೆ. ಒಂದೊಂದು ಲಾರಿ ಹೋದಾಗಲೂ ಧೂಳು ಬಾಯಿಗೇ ಬರುತ್ತಿತ್ತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಅತ್ತೆಯ ಮೊಣಕೈ ಹಿಡಿದು, ದಿನಾ ನಡೆದವರ ಹಾಗೆ ಗುಂಡಿ ನೋಡದೆಯೇ ಗುಂಡಿ ತಪ್ಪಿಸಿ ನಡೆಸಿದಳು. ಗೇಟಿನವನು ಅಜ್ಜಿಯನ್ನು ಒಳಗೆ ಬಿಡಲಿಲ್ಲ. "ಇಲ್ಲೇ ಸ್ಟೂಲ್ ಮೇಲೆ ಕೂತ್ಕೊಳ್ಳಿ ಅಜ್ಜಿ. ಕಾಣುತ್ತೆ."

ಕಂಡಿತು. ತೆರೆದ ಬಾಗಿಲಿನಾಚೆ ಕಿಟಕಿಯಿಲ್ಲದ ಶೆಡ್ಡು, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು, ಮಾಡಿನ ತನಕ ಪೇರಿಸಿದ ಡಬ್ಬಗಳು. ಎಲ್ಲದರ ಮುಚ್ಚಳವೂ ಒಂದೇ ತಗಡಿನ ಬಣ್ಣ. ಸೊಸೆ ಕೈಯಲ್ಲಿ ರಬ್ಬರಿನ ಸುತ್ತಿಗೆ ಹಿಡಿದು ಒಂದೊಂದೇ ಮುಚ್ಚಳದ ಅಂಚಿಗೆ ನಾಲ್ಕು ಏಟು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದಳು. ಅಜ್ಜಿ ಒಂದು ಗಂಟೆ ನೋಡಿದಳು. ಒಳಗೆ ಯಾವ ಬಣ್ಣವಿದೆ ಎಂದು ಸೊಸೆ ಒಂದು ಸಲವೂ ನೋಡಲಿಲ್ಲ. ಲಕೋಟೆಗಳಿಗಾದರೂ ವಿಳಾಸವಿರುತ್ತಿತ್ತು, ಊರು ಕೇರಿ ಓದಬಹುದಿತ್ತು. ಇಲ್ಲಿ ಓದುವುದಕ್ಕೆ ಏನಿದೆ? 'ಕೈಯಾದ್ರೂ ಶುದ್ಧವಾಗಿರುತ್ತೆ' ಎಂದು ತಾನೇ ಅಂದದ್ದು ನೆನಪಾಗಿ ಅಜ್ಜಿಗೆ ನಾಚಿಕೆಯಾಯಿತು.

ಗೇಟಿನವನು ಬಸ್ಸು ಹತ್ತಿಸಿದ. ಅಂದು ಸಂಜೆ ಸೊಸೆ ಬರುವ ಹೊತ್ತಿಗೆ ಅಜ್ಜಿ ಬಿಸಿನೀರು ಕಾಯಿಸಿಟ್ಟಿದ್ದಳು. ಸೊಸೆ ಅದರಲ್ಲಿ ಧೂಳು ಹಿಡಿದ ಕಾಲು ತೊಳೆದುಕೊಂಡಳು.

ಐದನೆಯ ವಾರ ಇನ್ನೊಂದು ರಿಜಿಸ್ಟರ್ ಕಾಗದ ಬಂತು. ಸೊಸೆಯ ತಕರಾರಿಗೆ ಕಂಪನಿಯ ಉತ್ತರ. ಲಕೋಟೆಯ ಅಂಟು ಒಂದು ಕಡೆ ಎದ್ದಿತ್ತು. ಅಂಚೆಯವನು ಹೋದ ಮೇಲೆ ಅಜ್ಜಿ ಅದನ್ನು ಮೇಜಿನ ಮೇಲಿಟ್ಟಳು, ಪಾತ್ರೆ ತೊಳೆದಳು, ಬಂದು ನೋಡಿದಳು, ನೆಲ ಒರೆಸಿದಳು, ಮತ್ತೆ ಬಂದು ನೋಡಿದಳು. ಇಪ್ಪತ್ತಾರು ವರ್ಷ ಮಾಡದ ಕೆಲಸವನ್ನು ಆ ಮಧ್ಯಾಹ್ನ ಮಾಡಿದಳು. ಬೆರಳು ತೂರಿಸಿ ಕಾಗದ ಹೊರಗೆಳೆದಳು.

ಎರಡನೆಯ ಪುಟದಲ್ಲಿ ಹೀಗಿತ್ತು: 'ನಮ್ಮ ಪ್ರತಿನಿಧಿ ಉದ್ಯೋಗಿಯ ಮನೆಗೆ ಭೇಟಿ ಕೊಟ್ಟಾಗ, ಉದ್ಯೋಗಿ ಹೊಸ ಕೆಲಸದಲ್ಲಿ ಆರಾಮವಾಗಿದ್ದಾರೆಂದೂ, ಕುಟುಂಬಕ್ಕೆ ಯಾವ ತೊಂದರೆಯೂ ಇಲ್ಲವೆಂದೂ ಮನೆಯ ಹಿರಿಯರೇ ತಿಳಿಸಿರುತ್ತಾರೆ. ಆದ್ದರಿಂದ ವರ್ಗಾವಣೆಗೆ ಒಪ್ಪಿಗೆ ಇದೆಯೆಂದೇ ಭಾವಿಸಲಾಗಿದೆ.'

ಜೀವಮಾನದಲ್ಲಿ ಕದ್ದು ಓದಿದ ಒಂದೇ ಒಂದು ಕಾಗದದಲ್ಲಿ ತನ್ನದೇ ಮಾತು! ಎರಡು ಲೋಟ ನೀರು ಕುಡಿದಳು. ಕಾಗದವನ್ನು ಅಕ್ಕಿ ಡಬ್ಬಕ್ಕೆ ಹಾಕಿದಳು. ಯಾರಿಗೆ ಗೊತ್ತಾಗಬೇಕು? ಬಂದೇ ಇಲ್ಲ ಅಂದರಾಯಿತು. ಕಾಲು ಗಂಟೆ ಕುರ್ಚಿಯಲ್ಲಿ ಕೂತಳು. ಎಷ್ಟು ಲಕ್ಷ ಕಾಗದ ಅವಳ ಕೈಯಿಂದ ಹೋಗಿತ್ತು, ಒಂದೂ ತಲುಪದೆ ಉಳಿದಿರಲಿಲ್ಲ. ಎದ್ದು ಡಬ್ಬ ತೆಗೆದು, ಕಾಗದಕ್ಕೆ ಹತ್ತಿದ ಅಕ್ಕಿಹಿಟ್ಟು ಒರೆಸಿ, ಸೊಸೆಯ ತಟ್ಟೆಯ ಪಕ್ಕ ಇಟ್ಟಳು.

ಸೊಸೆ ಓದಿದಳು. ಅವಳ ನಿದ್ದೆಯೆಲ್ಲ ಹಾರಿಹೋಯಿತು.

"ಯಾರು ಬಂದಿದ್ರು ಅತ್ತೆ?"

"ಬಂದಿದ್ದ ಒಬ್ಬ. ಅವತ್ತೇ ಹೇಳಿದ್ದೆನಲ್ಲ."

"ಆರಾಮಾಗಿದಾಳೆ ಅಂದ್ರಾ?"

"ಮನೆಗೆ ಬಂದವರ ಹತ್ರ ಇನ್ನೇನು ಹೇಳ್ತಾರೆ? ನಮ್ಮನೆ ಪಾತ್ರೆ ತೊಳೆದಿಲ್ಲ ಅನ್ನಲಾ? ಮಗ ಸೀದ ಅನ್ನ ಹಾಕ್ತಾನೆ ಅನ್ನಲಾ?"

"ಅನ್ಬೇಕಿತ್ತು!" ಸೊಸೆ ಎಂದೂ ಅತ್ತೆಗೆ ದನಿ ಏರಿಸಿದವಳಲ್ಲ. "ಊರವರ ಮನೆ ಒಲೆ ಉರೀತಾ, ಆರ್ತಾ ಎಲ್ಲಾ ನಿಮಗೆ ಬೇಕು. ನಾನು ಆರಾಮಾಗಿದೀನಾ ಅಂತ ಒಂದು ಸಲ ನನ್ನ ಕೇಳಿದ್ರಾ? ಸಂಬಳ ಅಷ್ಟೇ ಇದ್ಯಲ್ಲ ಅಂದ್ರಿ. ನನ್ನ ಕೆಲಸ ಹೋಯ್ತು ಅತ್ತೆ. ಸಂಬಳ ಇದೆ, ನನ್ನ ಕೆಲಸ ಹೋಯ್ತು."

"ಅಮ್ಮಂಗೆ ಹಾಗೆಲ್ಲ…" ಎಂದು ಮಗ ಶುರು ಮಾಡಿದ.

"ನೀನು ಸುಮ್ನಿರೋ," ಅಂದಳು ಅಜ್ಜಿ. "ಅವಳು ಹೇಳ್ತಿರೋದು ಸರಿಯಾಗೇ ಇದೆ."

ಅಷ್ಟು ಹೇಳಿದರೂ ಒಂಬತ್ತು ದಿನ ಸೊಸೆ ಅವಳೊಂದಿಗಾಗಲಿ ಗಂಡನೊಂದಿಗಾಗಲಿ ಮಾತಾಡಲಿಲ್ಲ. "ಅಪ್ಪನಿಗೆ ಹೇಳು, ಉಪ್ಪು ಮುಗಿದಿದೆ" ಎಂದು ಮಗಳ ಮೂಲಕ ಗಂಡನಿಗೆ, "ಅಜ್ಜಿಗೆ ಹೇಳು, ಮಾತ್ರೆ ಅಲ್ಲಿದೆ" ಎಂದು ಅತ್ತೆಗೆ.

"ನಾನೇನು ಅಂಚೆಪೆಟ್ಟಿಗೆನಾ?" ಎಂದು ಮೊಮ್ಮಗಳು ರೇಗಿದಳು. ಯಾರೂ ನಗಲಿಲ್ಲ.

ಹತ್ತನೆಯ ದಿನ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಅಜ್ಜಿ ತಾನೇ ಮುಂದಾಗಿ ಬಸ್ಸು ಹತ್ತಿದಳು. ಮೇಜಿನ ಆಚೆ ಅದೇ ಅಧಿಕಾರಿ, ನೆಗಡಿ ವಾಸಿಯಾಗಿತ್ತು. ಈಚೆ ಒಂದು ಕಡೆ ಸೊಸೆ, ಇನ್ನೊಂದು ಕಡೆ ಅದೇ ಇಸ್ತ್ರಿ ಅಂಗಿಯ ಯುವಕ. ಅವನು ಪುಟ್ಟ ಪುಸ್ತಕ ಬಿಚ್ಚಿ, ದಿನ, ಗಂಟೆ ಸಮೇತ ಓದಿದ. "ಈ ಅಜ್ಜಿಯೇ ಹೇಳಿದ್ದು ಮೇಡಂ. ಚಹಾ ಕೂಡ ಕೊಟ್ರು."

"ಹೌದಾ ಅಜ್ಜಿ?"

ಅಜ್ಜಿ ಎದ್ದು ನಿಂತಳು. ಕೂತೇ ಹೇಳಿ ಅಂದರೂ ಕೂರಲಿಲ್ಲ.

"ಹೇಳಿದ್ದು ಹೌದು. ಸುಳ್ಳು ಹೇಳಿದ್ದೆ."

ಪರರೆದುರು ಮನೆಯ ಮಾತು ಆಡುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ. ಎಲ್ಲಿಂದ ಶುರು ಮಾಡುವುದು? ಸಿಂಕಿನಿಂದ ಶುರು ಮಾಡಿದಳು.

"ನೀನು ಬಂದಾಗ ಅಡುಗೆಮನೆ ಬಾಗಿಲು ಹಾಕಿದ್ದೆ ನೋಡು ಮಗಾ, ಒಳಗೆ ಎರಡು ದಿನದ ಪಾತ್ರೆ ಇತ್ತು. ಸೋಫಾ ಮೇಲೆ ಹೊದಿಕೆ ಕೆಳಗೆ ಇದ್ದದ್ದು ಬಟ್ಟೆ. ನನ್ನ ಮಗನಿಗೆ ಅಡುಗೆ ಬರಲ್ಲ, ರಾತ್ರಿ ಸೀದದ್ದು ತಿಂತೀವಿ. ಮೊಮ್ಮಗಳು ಬಟ್ಟೆ ಒಗೆದು ಸ್ಕೂಲಿಗೆ ತಡವಾಗಿ ಹೋಗ್ತಾಳೆ, ಎರಡು ಸಲ ಹೊರಗೆ ನಿಲ್ಲಿಸಿದಾರೆ. ನನ್ನ ಮೊಣಕಾಲು ಊದ್ಕೊಂಡಿದೆ. ಇವಳು ತಟ್ಟೆ ಮುಂದೆ ನಿದ್ದೆ ಹೋಗ್ತಾಳೆ, ನಾನು ಕೈಯಿಂದ ಚಮಚ ತೆಗೆದಿಡ್ತೀನಿ. ಒಂಬತ್ತು ದಿನದಿಂದ ನನ್ನ ಹತ್ರ ಮಾತಾಡಿಲ್ಲ. ಅದು ನನ್ನ ತಪ್ಪು. ಚೆನ್ನಾಗಿಲ್ಲ ಮೇಡಂ. ನಮ್ಮನೇಲಿ ಒಂದೂ ಚೆನ್ನಾಗಿಲ್ಲ."

ಯುವಕ ಪುಸ್ತಕ ಮುಚ್ಚಿದ. ಅಧಿಕಾರಿ ಅವನ ಕಡೆ ತಿರುಗಿದರು.

"ಒಪ್ಪಿಗೆ ಇಲ್ಲ ಅಂತ ಇವರು ಅಲ್ಲಿಗೆ ಹೋಗೋ ಮೊದಲೇ ಬರೆದು ಕಳಿಸಿದಾರೆ. ಸ್ವೀಕೃತಿ ಇಲ್ಲಿದೆ. ನಿಮ್ಮ ಹತ್ರ ಇರೋದು ಒಂದು ಚಹಾದ ಮಾತು, ಅದನ್ನೂ ಹೇಳಿದವರೇ ವಾಪಸ್ ತಗೊಂಡ್ರು. ಇವರ ಸಹಿ ಇರೋ ಒಪ್ಪಿಗೆ ಇದ್ಯಾ?"

"ಇಲ್ಲ ಮೇಡಂ. ಆದ್ರೆ ಮೆಷಿನ್…"

"ಮೆಷಿನ್ ಬಂತು ಅಂತ ಪತ್ರದ ಸಾಲು ಅಳಿಸಿಹೋಗಲ್ಲ. ಸೋಮವಾರದಿಂದ ಇವರು ಹಳೇ ಜಾಗಕ್ಕೆ, ಹಳೇ ಕೆಲಸಕ್ಕೆ. ಬೇರೆ ಏನಾದ್ರೂ ಬೇಕಿದ್ರೆ ಇವರನ್ನ ಕೂರಿಸ್ಕೊಂಡು ಕೇಳಿ. ಇವರನ್ನ ಕೇಳಿ, ಅಜ್ಜಿಯನ್ನ ಅಲ್ಲ."

ಗುಮಾಸ್ತ ಅಜ್ಜಿಯ ಹೇಳಿಕೆಯನ್ನು ಟೈಪು ಮಾಡಿ ತಂದ. ಅಧಿಕಾರಿ ಅದನ್ನು ಓದಿ ಹೇಳಿದರು. ಪಾತ್ರೆ, ಬಟ್ಟೆ, ಸೀದ ಅನ್ನ, ಮೊಣಕಾಲು, ಎಲ್ಲ ಏಳು ಸಾಲಿನಲ್ಲಿ ಮುಗಿದಿತ್ತು. "ಸರಿಯಾಗಿದ್ಯಾ? ಹಾಗಿದ್ರೆ ಇಲ್ಲಿ ಸಹಿ."

ಅಜ್ಜಿ ಪೆನ್ನು ಹಿಡಿದಳು, ಹಾಕಲಿಲ್ಲ.

"ಒಂದು ಬಿಟ್ಟುಹೋಗಿದೆ ಮೇಡಂ. ನನ್ನ ಸೊಸೆಗೆ ಆ ಕೆಲಸ ಬರುತ್ತೆ. ಹದಿನಾಲ್ಕು ವರ್ಷ ನಾನು ಅದನ್ನ ಬಣ್ಣ ಕಲಸೋದು ಅಂತಿದ್ದೆ. ಕಲಸೋದಲ್ಲ ಅದು. ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಬರಲ್ಲ. ಅದನ್ನ ಬರ್ಕೊಳ್ಳಿ."

"ಅದು ಈ ಕೇಸಿಗೆ ಬೇಕಾಗಲ್ಲ ಅಜ್ಜಿ."

"ಬೇಕಾಗದಿದ್ರೂ ಬರೀರಿ. ನಾನು ಸಹಿ ಹಾಕೋ ಕಾಗದದಲ್ಲಿ ಅದು ಇರಬೇಕು."

ಅಧಿಕಾರಿ ಸೊಸೆಯ ಕಡೆ ನೋಡಿದರು. ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವರು ಕನ್ನಡಕ ಸರಿಮಾಡಿಕೊಂಡು, ಟೈಪು ಮಾಡಿದ ಏಳು ಸಾಲಿನ ಕೆಳಗೆ ತಮ್ಮ ಕೈಯಾರೆ ಎಂಟನೆಯದನ್ನು ಬರೆದರು. ಅಜ್ಜಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಅದರ ಕೆಳಗೆ ಸಹಿ ಹಾಕಿದಳು.